ತೂಕದ ಕ್ಲಿನಿಕ್ಕಿಗೆ 48,000 ಕೊಟ್ಟೆ, ನಿದ್ದೆ ಬರುತ್ತಾ ಅಂತ ಒಬ್ಬರೂ ಕೇಳಲಿಲ್ಲ

ಮೊದಲೇ ಹೇಳಿಬಿಡುತ್ತೇನೆ, ಕ್ಲಿನಿಕ್ಕಿನ ಹೆಸರು ಹಾಕುವುದಿಲ್ಲ. ಬೆಂಗಳೂರಿನಲ್ಲಿದೆ, ಎರಡನೇ ಮಹಡಿ, ಕೆಳಗಡೆ ಬೇಕರಿ. ತೂಕ ಇಳಿಸಲು ಹತ್ತುವ ಮೆಟ್ಟಿಲ ಬುಡದಲ್ಲೇ ಬೆಣ್ಣೆ ಬಿಸ್ಕತ್ತಿನ ಘಮ. ಹೆಸರು ಹಾಕದಿರುವುದಕ್ಕೆ ಭಯ ಕಾರಣವಲ್ಲ. ಇಂಥವು ಈಗ ಬಡಾವಣೆಗೆ ನಾಲ್ಕು ಇವೆ, ಒಂದರ ಹೆಸರು ಹೇಳಿದರೆ ಉಳಿದ ಮೂರು ಒಳ್ಳೆಯವು ಅಂದುಕೊಂಡುಬಿಡುತ್ತೀರಿ.

ನನ್ನ ಬಗ್ಗೆ ಎರಡು ಮಾತು. ವಯಸ್ಸು 43. ಊರು ಗಂಗಾವತಿ ಕಡೆ, ಕೆಲಸ ಪೀಣ್ಯದಲ್ಲಿ, ಲಾರಿ ಸಾಗಣೆ ಕಂಪನಿಯೊಂದರ ಬಿಲ್ಲಿಂಗ್. ಎತ್ತರ 168 ಸೆಂಟಿಮೀಟರ್. ಸೇರಿದ ದಿನ ತೂಕ 112 ಕಿಲೊ. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 39 ದಾಟುತ್ತದೆ. ನಮ್ಮ ದೇಶದವರಿಗೆ 25 ದಾಟಿದರೇ ಬೊಜ್ಜು ಅಂತ ಲೆಕ್ಕ. ಗಂಡಸರ ಸೊಂಟ 90 ಸೆಂಟಿಮೀಟರ್ ಒಳಗಿರಬೇಕಂತೆ, ನಂದು 121. ಹೀಗಿರುವವನು ನಾನೊಬ್ಬನೇ ಏನಲ್ಲ. ಐಸಿಎಂಆರ್‌ನವರು 2023ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ದೇಶದ ವಯಸ್ಕರಲ್ಲಿ ಶೇಕಡ 39.5ರಷ್ಟು ಜನಕ್ಕೆ ಹೊಟ್ಟೆಯ ಬೊಜ್ಜು ಇದೆ. ಅಂದರೆ ಬಿಎಂಟಿಸಿ ಬಸ್ಸಿನಲ್ಲಿ ಐದು ಜನರ ಪೈಕಿ ಇಬ್ಬರು ನನ್ನ ನೆಂಟರು.

ಪ್ಯಾಕೇಜ್ ಆರು ತಿಂಗಳದು, 48,000 ರೂಪಾಯಿ, ಮೂರು ಕಂತು. ಅದರಲ್ಲಿ ಏನೇನು ಬರುತ್ತದೆ ಅಂತ ಕೌಂಟರಿನ ಹುಡುಗಿ ಒಂದೇ ಉಸಿರಿನಲ್ಲಿ ಹೇಳಿದಳು, ಮದುವೆಗೆ ಅಡುಗೆ ಭಟ್ಟರು ಎಲೆಯ ಪಟ್ಟಿ ಒಪ್ಪಿಸಿದ ಹಾಗೆ. ರಕ್ತ ಪರೀಕ್ಷೆ, ಬರಿಗಾಲಲ್ಲಿ ನಿಂತರೆ ಮೈಯಲ್ಲಿ ಕೊಬ್ಬೆಷ್ಟು ನೀರೆಷ್ಟು ಅಂತ ಬೇರೆ ಬೇರೆ ತೋರಿಸುವ ಯಂತ್ರ, ಡಯಟಿಷಿಯನ್, ಆ್ಯಪ್, ವಾಟ್ಸಾಪ್ ಗ್ರೂಪ್, ವಾರಕ್ಕೊಮ್ಮೆ ತೂಕ.

ಒಳ್ಳೆಯದನ್ನು ಮೊದಲು ಹೇಳಬೇಕು. ಅಲ್ಲಿನ ಕುರ್ಚಿಗಳಿಗೆ ಕೈ ಇರಲಿಲ್ಲ. ದಪ್ಪ ಇರುವವರಿಗೆ ಮಾತ್ರ ಇದರ ಬೆಲೆ ಗೊತ್ತು. ಕೈ ಇರುವ ಕುರ್ಚಿಯಲ್ಲಿ ಕೂತು ಏಳುವಾಗ ಕುರ್ಚಿಯೂ ಜೊತೆಗೇ ಎದ್ದು ಬಂದ ಅವಮಾನ ಒಮ್ಮೆ ಆದರೆ ಸಾಕು, ಜೀವನಪೂರ್ತಿ ಎಲ್ಲಿ ಹೋದರೂ ಮೊದಲು ಕುರ್ಚಿ ನೋಡುತ್ತೇವೆ. ಬಿಪಿ ನೋಡುವ ಪಟ್ಟಿಯೂ ದೊಡ್ಡ ಅಳತೆಯದು ಇತ್ತು. ಸಣ್ಣ ಪಟ್ಟಿಯನ್ನು ದಪ್ಪ ತೋಳಿಗೆ ಬಿಗಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ, ಎಷ್ಟೋ ಆಸ್ಪತ್ರೆಗಳಲ್ಲಿ ಇದನ್ನು ಯಾರೂ ತಲೆಗೆ ಹಾಕಿಕೊಳ್ಳುವುದಿಲ್ಲ. ಇಷ್ಟಕ್ಕೆ ಒಂದು ಸ್ಟಾರ್ ಕೊಟ್ಟಿದ್ದೇನೆ. ಇನ್ನೊಂದು ಅಲ್ಲಿನ ಆಯಾ ಅಮ್ಮನಿಗೆ, ಅದು ಆಮೇಲೆ.

ಮೂರನೇ ದಿನಕ್ಕೆ ವರದಿ ಬಂತು. ಬಣ್ಣ ಬಣ್ಣದ ಎಂಟು ಪುಟ. ಅದರಲ್ಲಿ ಒಂದು ಸಾಲು ಕೆಂಪಗಿತ್ತು. ಮೈಯಲ್ಲಿ ಉರಿಯೂತ, ಅಂದರೆ ಇನ್‌ಫ್ಲಮೇಷನ್, ಎಷ್ಟಿದೆ ಅಂತ ತೋರಿಸುವ ಹೈ ಸೆನ್ಸಿಟಿವಿಟಿ ಸಿಆರ್‌ಪಿ, 7.8. ಡಯಟಿಷಿಯನ್ ಅದಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿ, "ಸರ್, ನಿಮ್ಮ ಬಾಡಿ ಫುಲ್ ಇನ್‌ಫ್ಲಮೇಷನ್" ಅಂದರು. ನಾನು ಕಾಲು ನೋಡಿಕೊಂಡೆ, ಎಲ್ಲಾದರೂ ಊದಿಕೊಂಡಿದೆಯಾ ಅಂತ.

ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆಮೇಲೆ ಬೇರೆ ಡಾಕ್ಟರು ಬಿಡಿಸಿ ಹೇಳಿದ ಮೇಲೆ ನನಗೆ ಅರ್ಥವಾಗಿದ್ದನ್ನು ಇಲ್ಲೇ ಬರೆಯುತ್ತೇನೆ, ಇಲ್ಲದಿದ್ದರೆ ನನ್ನ ಸಿಟ್ಟು ಯಾಕೆ ಅಂತ ನಿಮಗೆ ತಿಳಿಯುವುದಿಲ್ಲ.

ನಮ್ಮೂರ ಕಡೆ ಅಕ್ಕಿ ಗಿರಣಿಗಳು ಜಾಸ್ತಿ. ಗಿರಣಿ ಹಿಂದೆ ಭತ್ತದ ಹೊಟ್ಟಿನ ಗುಡ್ಡೆ ಇರುತ್ತದೆ. ಅದಕ್ಕೆ ಬೆಂಕಿ ತಾಗಿದರೆ ಹುಲ್ಲಿನ ಬಣವೆ ಥರ ಭಗ್ಗನೆ ಉರಿಯುವುದಿಲ್ಲ. ಮೇಲೆ ನೋಡಿದರೆ ಏನೂ ಇಲ್ಲ, ಒಳಗೆ ದಿನಗಟ್ಟಲೆ ಕನಲುತ್ತಾ ಇರುತ್ತದೆ, ಸಣ್ಣಗೆ ಹೊಗೆ, ಊರೆಲ್ಲ ಕಮಟು. ಬೊಜ್ಜಿನವರ ಮೈಯೊಳಗಿನ ಉರಿಯೂತ ಈ ಥರದ್ದು. ಕಾಲಿಗೆ ಮುಳ್ಳು ಚುಚ್ಚಿ ಕೆಂಪಗಾಗಿ ಊದುವುದಲ್ಲ. ಹೊಟ್ಟಿನ ಬೆಂಕಿ.

ಕೊಬ್ಬು ಅಂದರೆ ಸುಮ್ನೆ ಗೋಡೌನು, ಮಿಕ್ಕ ಕ್ಯಾಲೊರಿ ತುಂಬಿಡುವ ಜಾಗ ಅಂತ ಮೊದಲು ಅಂದುಕೊಂಡಿದ್ದರಂತೆ. 1993ರಲ್ಲಿ ಅಮೆರಿಕದಲ್ಲಿ ದಪ್ಪ ಇಲಿಗಳ ಕೊಬ್ಬನ್ನು ಪರೀಕ್ಷೆ ಮಾಡಿದಾಗ ಅದು ಟಿಎನ್‌ಎಫ್ ಎಂಬ ಉರಿಯೂತದ ರಾಸಾಯನಿಕವನ್ನು ತಾನೇ ತಯಾರಿಸುತ್ತಿದೆ ಅಂತ ಗೊತ್ತಾಯಿತು. 2003ರಲ್ಲಿ ಇನ್ನೊಂದು ವಿಷಯ ಹೊರಬಂತು. ಕೊಬ್ಬು ಹೆಚ್ಚಾದಂತೆ ಅದರೊಳಗೆ ಮ್ಯಾಕ್ರೊಫೇಜ್ ಅನ್ನುವ ರೋಗನಿರೋಧಕ ಕಣಗಳು ಬಂದು ಠಿಕಾಣಿ ಹೂಡುತ್ತವೆ. ಸೋಂಕಿಲ್ಲ, ಗಾಯವಿಲ್ಲ, ಆದರೂ ಪೊಲೀಸ್ ತುಕಡಿ ಬಂದು ಕೂತಿದೆ. ಅಲ್ಲಿಂದ ಹೊರಟ ಐಎಲ್-6 ಎಂಬ ಸಂದೇಶ ಲಿವರಿಗೆ ಮುಟ್ಟುತ್ತದೆ, ಲಿವರು ಸಿಆರ್‌ಪಿ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಈ ಸಿಆರ್‌ಪಿ ಹಳೆಯ ಪರಿಚಯ, 1930ರಲ್ಲೇ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡದ್ದು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಹೃದಯಕ್ಕೆ ಅಪಾಯ ಕಡಿಮೆ, 3 ದಾಟಿದರೆ ಜಾಸ್ತಿ ಅಂತ ಲೆಕ್ಕ.

ಇಲ್ಲಿಯ ತನಕ ಸರಿ. ಈಗ ಕ್ಲಿನಿಕ್ ಏನು ಮಾಡಿತು ನೋಡಿ. ಸಿಆರ್‌ಪಿ ಕೆಂಪು, ಅದಕ್ಕೆ "ಆ್ಯಂಟಿ ಇನ್‌ಫ್ಲಮೇಟರಿ ಕಿಟ್". ಅರಿಶಿನದ ಸಾರ ಮತ್ತು ಕರಿಮೆಣಸಿನ ಸಾರದ ಮಾತ್ರೆ, ಹಸಿರು ಪುಡಿ, ಒಂದು ಬಾಟಲಿ. ತಿಂಗಳಿಗೆ 1,900, ಪ್ಯಾಕೇಜಿಗೆ ಸೇರಿಲ್ಲ. ಮನೆಯಲ್ಲಿ ಸಾರಿಗೆ ಒಗ್ಗರಣೆಗೆ ದಿನಾ ಬೀಳುವ ಅರಿಶಿನ, ಮೆಣಸು. ಅದನ್ನೇ ಮಾತ್ರೆ ಮಾಡಿ ನನಗೆ ವಾಪಸ್ ಮಾರಿದರು. ಮಾರಲಿ, ವ್ಯಾಪಾರ. ಆದರೆ ಇವೆರಡರ ಸಾರ ಸೇರಿಸಿದ ಮಾತ್ರೆಗಳಿಂದ ಕೆಲವರಿಗೆ ಲಿವರು ಕೆಟ್ಟ ಪ್ರಕರಣಗಳು ವೈದ್ಯ ಪತ್ರಿಕೆಗಳಲ್ಲಿ ಬಂದಿವೆ. ಸಾರಿನ ಅರಿಶಿನ ಬೇರೆ, ಸಾರ ಇಳಿಸಿದ ಮಾತ್ರೆ ಬೇರೆ. ಅದನ್ನು ಅವರು ಹೇಳಲಿಲ್ಲ.

ಇನ್ನೊಂದನ್ನೂ ಅವರು ಕೇಳಲಿಲ್ಲ. ರಕ್ತ ಕೊಡುವ ನಾಲ್ಕು ದಿನ ಮುಂಚೆ ನನ್ನ ದವಡೆ ಹಲ್ಲಿನ ಒಸಡು ಬಾತು ಬಿಸಿ ಉಪ್ಪುನೀರು ಮುಕ್ಕಳಿಸುತ್ತಾ ಕೂತಿದ್ದೆ. ಸಿಆರ್‌ಪಿಗೆ ಹಲ್ಲು ನೋವೂ ಒಂದೇ, ನೆಗಡಿ ಜ್ವರವೂ ಒಂದೇ, ಬೊಜ್ಜೂ ಒಂದೇ. ಹೊಗೆ ಬರುತ್ತಿದೆ ಅಂತ ಹೇಳುತ್ತದೆ, ಯಾರ ಮನೆಯಲ್ಲಿ ಅಂತ ಹೇಳುವುದಿಲ್ಲ. ಆರಾಮಾಗಿರುವಾಗ ಎರಡು ವಾರ ಬಿಟ್ಟು ಇನ್ನೊಮ್ಮೆ ನೋಡಬೇಕು ಅನ್ನುವುದು ಸಾಮಾನ್ಯ ರೂಢಿ. ಮುಂದೆ ಬೇರೆ ಕಡೆ 550 ರೂಪಾಯಿ ಕೊಟ್ಟು ಮಾಡಿಸಿದಾಗ ನಂದು 4.6 ಬಂತು. ಜಾಸ್ತಿಯೇ, ಆದರೆ 7.8 ಅಲ್ಲ.

ಊಟದ ಚಾರ್ಟ್ ವಿಷಯಕ್ಕೆ ಹೆಚ್ಚು ಹೋಗುವುದಿಲ್ಲ. ಕಿನ್ವಾ, ಅವಕಾಡೊ, ಆಲಿವ್ ಎಣ್ಣೆ. ಜೋಳದ ರೊಟ್ಟಿ ತಿನ್ನಬಹುದಾ ಅಂದರೆ "ಅವಾಯ್ಡ್ ಮಾಡಿ ಸರ್". ಯಾಕೆ ಅಂದರೆ ಉತ್ತರವಿಲ್ಲ. ನಮ್ಮವ್ವನಿಗೆ ಫೋನಿನಲ್ಲಿ ಕಿನ್ವಾ ಅಂದೆ. "ಅದು ನವಣೆ ತಂಗಿಯೇನಪ್ಪ" ಅಂದಳು.

ಆದರೂ ತೂಕ ಇಳಿಯಿತು. ಹತ್ತು ವಾರದಲ್ಲಿ 8 ಕಿಲೊ, 112ರಿಂದ 104. ಗ್ರೂಪಿನಲ್ಲಿ ಪ್ರತಿ ಶನಿವಾರ ಎಲ್ಲರ ಹೆಸರು, ಎಷ್ಟು ಇಳಿದರು ಅಂತ ಪಟ್ಟಿ ಹಾಕುತ್ತಿದ್ದರು. ಮೇಲೆ ಇರುವವರಿಗೆ ಕಿರೀಟದ ಚಿತ್ರ. ಏರಿದವರಿಗೆ ಆಮೆಯ ಚಿತ್ರ. ತಮಾಷೆಗೆ ಅಂತೆ. ಒಬ್ಬ ಹೆಂಗಸು, ಐವತ್ತರ ಹತ್ತಿರ ಇರಬೇಕು, ಮೂರು ವಾರ ಸತತ ಆಮೆ ಬಂದ ಮೇಲೆ ಗ್ರೂಪ್ ಬಿಟ್ಟುಹೋದರು. ಯಾರೂ ಯಾಕೆ ಅಂತ ಕೇಳಲಿಲ್ಲ, ನಾನೂ ಕೇಳಲಿಲ್ಲ. ನನಗೆ ಎರಡು ಸಲ ಕಿರೀಟ ಬಂದಿತ್ತು, ಆ ಮತ್ತಿನಲ್ಲಿದ್ದೆ.

ಹನ್ನೊಂದನೇ ವಾರ. ಶನಿವಾರ ಬೆಳಿಗ್ಗೆ ಸ್ಕೂಟರ್ ನಿಲ್ಲಿಸಿದೆ, ಹೆಲ್ಮೆಟ್ ತೆಗೆಯಲಿಲ್ಲ. ಬೇಕರಿ ಮುಂದೆ ಹಾಗೇ ಕೂತೆ. ತೂಕ ಏರಿರಲಿಲ್ಲ, ಬೈಯುವವರು ಯಾರೂ ಇರಲಿಲ್ಲ, ಹೊಟ್ಟೆ ಹಸಿದಿರಲಿಲ್ಲ. ಆದರೂ ಮೆಟ್ಟಿಲು ಹತ್ತಲು ಆಗಲಿಲ್ಲ. ಮುಕ್ಕಾಲು ಗಂಟೆ. ಆಮೇಲೆ ಮನೆಗೆ ಬಂದು ಮಲಗಿದವನು ಭಾನುವಾರ ಸಂಜೆ ಎದ್ದೆ. ಕ್ಲಿನಿಕ್ಕಿನಿಂದ ಮೆಸೇಜ್ ಬಂತು, "ಕಮಿಟ್‌ಮೆಂಟ್ ಇಲ್ಲದಿದ್ದರೆ ರಿಸಲ್ಟ್ ಇಲ್ಲ ಸರ್". ಮುಂದಿನ ವಾರವೂ ಹೋಗಲಿಲ್ಲ. ದುಡ್ಡು ವಾಪಸ್ ಕೇಳಿದರೆ ನಿಯಮದಲ್ಲಿ ಇಲ್ಲ. ಹೆಲ್ಮೆಟ್ ಹಾಕಿಕೊಂಡು ಕೂತಿದ್ದನ್ನು ನೋಡಿ ಹತ್ತಿರ ಬಂದು, "ಯಾಕಣ್ಣ, ಮೈಗೆ ಹುಷಾರಿಲ್ವಾ, ಒಂದು ಲೋಟ ನೀರು ತರಲಾ" ಅಂತ ಕೇಳಿದ್ದು ಕಸ ಗುಡಿಸುವ ಆಯಾ ಅಮ್ಮ ಒಬ್ಬರೇ. ಎರಡನೇ ಸ್ಟಾರ್ ಅವರದು.

ಅರ್ಧಕ್ಕೆ ಬಿಟ್ಟವನಿಗೆ ಮನಸ್ಸು ಗಟ್ಟಿ ಇಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಓದಿದ ಒಂದು ಸಂಗತಿ ನನ್ನನ್ನು ಹಿಡಿದು ಕೂರಿಸಿತು. 1980ರ ದಶಕದಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ವಿನ್ಸೆಂಟ್ ಫೆಲಿಟ್ಟಿ ಅನ್ನುವ ಡಾಕ್ಟರು ಇಂಥದ್ದೇ ಒಂದು ತೂಕ ಇಳಿಸುವ ಕ್ಲಿನಿಕ್ ನಡೆಸುತ್ತಿದ್ದರು. ಜನ ಬಿಟ್ಟುಹೋಗುತ್ತಿದ್ದರು. ವಿಚಿತ್ರ ಏನೆಂದರೆ ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ಹೋಗುತ್ತಿದ್ದರು. ಆ ಮನುಷ್ಯ ಆಮೆ ಚಿತ್ರ ಹಾಕಲಿಲ್ಲ. ಕರೆದು ಕೂರಿಸಿ ಕೇಳಿದರು. ಕೇಳುತ್ತಾ ಹೋದರೆ ಎಷ್ಟೋ ಜನ ಚಿಕ್ಕವರಿದ್ದಾಗ ಹೊಡೆತ, ಲೈಂಗಿಕ ಹಿಂಸೆ ಅನುಭವಿಸಿದವರು. ಅವರಿಗೆ ಊಟ ಔಷಧಿಯಾಗಿತ್ತು, ಮೈ ಗೋಡೆಯಾಗಿತ್ತು. ಅದರಿಂದ ಹುಟ್ಟಿದ ದೊಡ್ಡ ಅಧ್ಯಯನ 1998ರಲ್ಲಿ ಹೊರಬರಲು ಶುರುವಾಯಿತು, ಒಟ್ಟು 17,000ಕ್ಕೂ ಹೆಚ್ಚು ಜನರದ್ದು. ಬಾಲ್ಯದ ಕಷ್ಟ ಜಾಸ್ತಿ ಇದ್ದಷ್ಟೂ ಮುಂದೆ ಖಿನ್ನತೆಯೂ ಜಾಸ್ತಿ, ಹೃದಯದ ಕಾಯಿಲೆಯೂ ಜಾಸ್ತಿ. ನ್ಯೂಜಿಲೆಂಡಿನ ಡುನೆಡಿನ್ ಊರಿನಲ್ಲಿ ಹುಟ್ಟಿನಿಂದ ಹಿಂಬಾಲಿಸಿ ನೋಡಿದ ಮಕ್ಕಳ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಚಿಕ್ಕಂದಿನಲ್ಲಿ ಹಿಂಸೆ ಕಂಡವರಲ್ಲಿ 32ನೇ ವಯಸ್ಸಿಗೆ ಇದೇ ಸಿಆರ್‌ಪಿ ಜಾಸ್ತಿ ಇತ್ತು. ಅಂದರೆ ಯಾವತ್ತೋ ಬಿದ್ದ ಕಿಡಿ ರಕ್ತದಲ್ಲಿ ಇನ್ನೂ ಕನಲುತ್ತಿದೆ.

ನನ್ನದು ಅಷ್ಟು ದೊಡ್ಡ ಕತೆಯಲ್ಲ. ಅಪ್ಪ ತೀರಿಕೊಂಡಾಗ ನನಗೆ 11. ಮಾವನ ಮನೆಯಲ್ಲಿ ಬೆಳೆದೆ. ಅಲ್ಲಿ ಉಳಿದಿದ್ದನ್ನು ತಿಂದು ಮುಗಿಸುವುದು ನನ್ನ ಕೆಲಸ. ಬೇಡ ಅಂದರೆ ಸೊಕ್ಕು ಅನ್ನುತ್ತಿದ್ದರು. ಇಷ್ಟು ಸಾಕು.

ಎರಡನೇ ವಿಮರ್ಶೆ ಇಲ್ಲಿಂದ. ಅದಕ್ಕೆ ಹೆಸರು ಹಾಕಬಹುದು, ಹೊಗಳುವುದಕ್ಕೆ ಭಯವಿಲ್ಲ. ಟೆಲಿ ಮಾನಸ್, ನಂಬರ್ 14416. ಮಾನಸಿಕ ಆರೋಗ್ಯಕ್ಕೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾದದ್ದು, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ರಾತ್ರಿ ಎರಡೂವರೆಗೆ ಮಾಡಿದ್ದೆ. ಸಾಯುವ ಯೋಚನೆ ಇರಲಿಲ್ಲ, ಅದನ್ನೇ ಮೊದಲು ಹೇಳಿದೆ, ಸುಮ್ನೆ ನಿಮ್ಮ ಟೈಮ್ ಹಾಳು ಮಾಡುತ್ತಿದ್ದೇನಾ ಅಂತ. ಕನ್ನಡದಲ್ಲೇ ಮಾತಾಡಿದರು. ಹೆಸರು ಹೇಳಿ ಅಂತ ಬಲವಂತ ಇಲ್ಲ. ನಾನು ತೂಕ, ಸಿಆರ್‌ಪಿ, ಕಿನ್ವಾ ಎಲ್ಲ ಹೇಳಿ ಮುಗಿಸಿದ ಮೇಲೆ ಆ ಕಡೆಯಿಂದ ಒಂದೇ ಪ್ರಶ್ನೆ ಬಂತು. "ನೀವು ಕೊನೆಗೆ ಚೆನ್ನಾಗಿ ನಿದ್ದೆ ಮಾಡಿದ್ದು ಯಾವಾಗ?" ನನಗೆ ಉತ್ತರ ಗೊತ್ತಿರಲಿಲ್ಲ. ಗಂಟಲು ಕಟ್ಟಿತು. ಎಂಟು ಪುಟದ ವರದಿ ಕೊಟ್ಟವರಿಗೆ ಹೊಳೆಯದ ಪ್ರಶ್ನೆ ಅದು.

ಹತ್ತಿರದ ಆಸ್ಪತ್ರೆಗೆ ಹೋಗಿ, ಮನೋವೈದ್ಯರನ್ನೂ ಫಿಸಿಷಿಯನ್ ಅನ್ನೂ ಇಬ್ಬರನ್ನೂ ನೋಡಿ ಅಂದರು. ಹೋದೆ. ಇಬ್ಬರೂ ಒಂದೇ ಕಟ್ಟಡದಲ್ಲಿದ್ದದ್ದು ನನ್ನ ಅದೃಷ್ಟ. ಮನೋವೈದ್ಯೆ ಒಂಬತ್ತು ಪ್ರಶ್ನೆಗಳ ಹಾಳೆ ಕೊಟ್ಟರು. ಆಸಕ್ತಿ ಇಲ್ಲದಿರುವುದು, ಸುಸ್ತು, ನಿದ್ದೆ, ಹಸಿವು, ನಾನು ಪ್ರಯೋಜನಕ್ಕಿಲ್ಲ ಅನಿಸುವುದು. ತುಂಬಿ ಕೊಡಲು ಐದು ನಿಮಿಷ ಸಾಕಾಯಿತು. ಕಾಗದದ ಖರ್ಚು ಒಂದು ರೂಪಾಯಿ ಇರಬಹುದು. ಮಧ್ಯಮ ಮಟ್ಟದ ಖಿನ್ನತೆ ಅಂದರು.

ಆಮೇಲೆ ಹೆಂಡತಿಯನ್ನು ಒಳಗೆ ಕರೆದು ನನ್ನ ಗೊರಕೆ ಬಗ್ಗೆ ಕೇಳಿದರು. ಅವಳಿಗೆ ಹದಿನೈದು ವರ್ಷದಿಂದ ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದ ಹಾಗಿತ್ತು, ನಿಲ್ಲಿಸಲೇ ಇಲ್ಲ. ಗೊರಕೆ ನಡುವೆ ಉಸಿರು ನಿಲ್ಲುತ್ತದೆ, ನಾನು ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತೇನೆ ಅಂದಳು. ನನಗೆ ಇದು ಗೊತ್ತೇ ಇರಲಿಲ್ಲ. ನಿದ್ದೆ ಪರೀಕ್ಷೆ ಮಾಡಿಸಿದರು, ಗಂಟೆಗೆ 38 ಸಲ ಉಸಿರು ನಿಲ್ಲುತ್ತಿತ್ತು ಇಲ್ಲವೇ ತೀರಾ ಇಳಿಯುತ್ತಿತ್ತು. 30 ದಾಟಿದರೆ ತೀವ್ರ. ಬೊಜ್ಜಿನಿಂದ ಉಸಿರು ಕಟ್ಟುತ್ತದೆ, ಉಸಿರು ಕಟ್ಟಿದರೆ ನಿದ್ದೆ ಹಾಳು, ನಿದ್ದೆ ಹಾಳಾದರೆ ಉರಿಯೂತ ಏರುತ್ತದೆ, ಮನಸ್ಸು ಇಳಿಯುತ್ತದೆ, ಮಧ್ಯಾಹ್ನ ಮೂರಕ್ಕೆ ಎರಡು ಪಪ್ಸ್ ಬೇಕಾಗುತ್ತದೆ. ಬಾವಿಯ ರಾಟೆ ಥರ, ಒಂದು ಕಡೆ ಎಳೆದರೆ ಇನ್ನೊಂದು ಕಡೆ ಏಳುತ್ತದೆ.

ಉರಿಯೂತಕ್ಕೂ ಮನಸ್ಸಿಗೂ ಏನು ಸಂಬಂಧ ಅಂತ ನಾನು ನೇರವಾಗಿ ಕೇಳಿದೆ. ಫಿಸಿಷಿಯನ್ ಚೆನ್ನಾಗಿ ಹೇಳಿದರು. "ಜ್ವರ ಬಂದಾಗ ಏನು ಮಾಡುತ್ತೀರಿ? ಮಾತು ಬೇಡ, ಊಟ ಬೇಡ, ಬಾಗಿಲು ಹಾಕಿ ಕತ್ತಲಲ್ಲಿ ಮಲಗುವುದು. ಅದನ್ನು ಮಾಡಿಸುವುದು ಕ್ರಿಮಿ ಅಲ್ಲ, ನಿಮ್ಮ ಮೈಯ ಉರಿಯೂತದ ಸಂದೇಶಗಳು ಮಿದುಳಿಗೆ ಹೋಗಿ ಮಾಡಿಸುವುದು. ಮೂರು ದಿನಕ್ಕೆ ಮುಗಿದರೆ ಅದು ವಿಶ್ರಾಂತಿ. ಮೂರು ವರ್ಷ ಸಣ್ಣಗೆ ನಡೆದರೆ?" ನಾನು ಸುಮ್ಮನಾದೆ. ಇದಕ್ಕೆ ಗಟ್ಟಿ ಸಾಕ್ಷಿ ಹೆಪಟೈಟಿಸ್ ಸಿ ರೋಗಿಗಳಿಂದ ಬಂದದ್ದು. ಅವರಿಗೆ ಮೊದಲೆಲ್ಲ ಇಂಟರ್‌ಫೆರಾನ್ ಚುಚ್ಚುಮದ್ದು ಕೊಡುತ್ತಿದ್ದರು, ಅದು ಉರಿಯೂತವನ್ನು ಬೇಕಂತಲೇ ಎಬ್ಬಿಸುವ ಮದ್ದು. ಮೊದಲು ಚೆನ್ನಾಗಿದ್ದವರೂ ಎಷ್ಟೋ ಜನ ವಾರಗಳಲ್ಲಿ ಖಿನ್ನತೆಗೆ ಬಿದ್ದರು. ಮನಸ್ಸಿನ ಹದಕ್ಕೆ ಬೇಕಾದ ಸಿರೊಟೊನಿನ್ ಎಂಬ ಮಿದುಳಿನ ರಾಸಾಯನಿಕ ಆಗಬೇಕಾದ ಟ್ರಿಪ್ಟೊಫ್ಯಾನ್ ಅನ್ನುವ ಕಚ್ಚಾ ಮಾಲನ್ನು ಉರಿಯೂತ ಬೇರೆ ದಾರಿಗೆ ತಿರುಗಿಸುತ್ತದೆ ಅನ್ನುವುದು ಒಂದು ವಿವರಣೆ. ನಾಲೆ ನೀರನ್ನು ಮೇಲಿನವರು ತಿರುಗಿಸಿಕೊಂಡರೆ ಕೊನೆಯ ಹೊಲ ಒಣಗುತ್ತದಲ್ಲ, ತುಂಗಭದ್ರಾ ಎಡದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಂಬಂಧ ಎರಡೂ ಕಡೆಯಿಂದ ಇದೆ. 2010ರಲ್ಲಿ ಡಚ್ ಸಂಶೋಧಕರು ವರ್ಷಗಟ್ಟಲೆ ಜನರನ್ನು ಹಿಂಬಾಲಿಸಿದ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದರು. ಬೊಜ್ಜಿರುವವರಿಗೆ ಮುಂದೆ ಖಿನ್ನತೆ ಬರುವ ಸಾಧ್ಯತೆ ಶೇಕಡ 55 ಜಾಸ್ತಿ, ಖಿನ್ನತೆ ಇರುವವರಿಗೆ ಮುಂದೆ ಬೊಜ್ಜು ಬರುವ ಸಾಧ್ಯತೆ ಶೇಕಡ 58 ಜಾಸ್ತಿ. ತೂಕದ ಕ್ಲಿನಿಕ್ ನಡೆಸುವವರು ಈ ಎರಡು ಸಂಖ್ಯೆಯನ್ನು ಬಾಗಿಲಿಗೆ ಬರೆದು ಅಂಟಿಸಬೇಕು, ಕಿರೀಟದ ಚಿತ್ರದ ಬದಲು.

ಹಾಗಂತ "ಎಲ್ಲ ಖಿನ್ನತೆಯೂ ಉರಿಯೂತವೇ" ಅಂತ ಯಾರಾದರೂ ಮಾತ್ರೆ ಮಾರಲು ಬಂದರೆ ಅದನ್ನೂ ನಂಬಬೇಡಿ. ಖಿನ್ನತೆ ಇರುವವರಲ್ಲಿ ಸಿಆರ್‌ಪಿ 3ಕ್ಕಿಂತ ಜಾಸ್ತಿ ಇರುವವರು ಸುಮಾರು ಕಾಲು ಭಾಗ ಅಷ್ಟೆ. 2013ರಲ್ಲಿ ಅಮೆರಿಕದ ಎಮೋರಿ ವಿಶ್ವವಿದ್ಯಾಲಯದಲ್ಲಿ ಯಾವ ಮಾತ್ರೆಗೂ ಜಗ್ಗದ ಖಿನ್ನತೆಯ 60 ಜನರ ಮೇಲೆ ಇನ್‌ಫ್ಲಿಕ್ಸಿಮ್ಯಾಬ್ ಪರೀಕ್ಷಿಸಿದರು. ಸಂಧಿವಾತಕ್ಕೆ ಕೊಡುವ, ಟಿಎನ್‌ಎಫ್ ಅನ್ನು ಕಟ್ಟಿಹಾಕುವ ಮದ್ದು ಅದು. ಒಟ್ಟಾರೆ ನೋಡಿದರೆ, ಹೋಲಿಕೆಗೆ ಅಂತ ಉಳಿದವರಿಗೆ ಮದ್ದಿಲ್ಲದೆ ಕೊಟ್ಟ ಬರೀ ಉಪ್ಪುನೀರಿಗಿಂತ ಹೆಚ್ಚು ಕೆಲಸ ಮಾಡಲಿಲ್ಲ. ಆದರೆ ಸಿಆರ್‌ಪಿ 5ಕ್ಕಿಂತ ಜಾಸ್ತಿ ಇದ್ದವರಿಗೆ ಅನುಕೂಲವಾಗುವ ಲಕ್ಷಣ ಕಂಡಿತು. ಸಿಆರ್‌ಪಿ ಕಡಿಮೆ ಇದ್ದವರಿಗೆ ಉಪ್ಪುನೀರೇ ವಾಸಿ. ಯಾರದು ಯಾವ ಥರದ ಖಿನ್ನತೆ ಅಂತ ಮೊದಲು ನೋಡಬೇಕು ಅಂತಾಯಿತು. ನೋಡಬೇಕಾದರೆ ಕೇಳಬೇಕು. ನನ್ನ ಜಗಳವೆಲ್ಲ ಅದೇ.

ನನಗೆ ಕೊಟ್ಟಿದ್ದು ಸರ್ಟ್ರಲೀನ್ ಎಂಬ ಖಿನ್ನತೆಯ ಮಾತ್ರೆ, ಜೊತೆಗೆ ವಾರಕ್ಕೊಮ್ಮೆ ಆಪ್ತಸಮಾಲೋಚನೆ, ರಾತ್ರಿಗೆ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ. ಮಾತ್ರೆ ಆರಿಸುವಾಗ ಮನೋವೈದ್ಯೆ ತೂಕದ ವಿಷಯ ತಾವಾಗಿಯೇ ತೆಗೆದರು. ಮಿರ್ಟಜಪೀನ್, ಪ್ಯಾರೊಕ್ಸೆಟೀನ್ ಥರದವು ತೂಕ ಏರಿಸಬಹುದು, ಓಲಾಂಜಪೀನ್ ಇನ್ನೂ ಜಾಸ್ತಿ, ಕೆಲವರಿಗೆ ಅವೇ ಬೇಕಾಗುತ್ತವೆ, ನಿಮಗೆ ಸದ್ಯ ಬೇಡ ಅಂದರು. ನೀವು ಇಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇದನ್ನು ಓದಿ ನಿಲ್ಲಿಸಬೇಡಿ ಮಾರಾಯ್ರೆ, ಡಾಕ್ಟರನ್ನು ಕೇಳಿ. ನನಗೆ ಮೊದಲ ಎರಡು ವಾರ ಹೊಟ್ಟೆ ತೊಳಸಿತು, ಆಮೇಲೆ ಹೋಯಿತು. ಸಿಪ್ಯಾಪ್ ಮಾತ್ರ ಮೊದಲ ತಿಂಗಳು ನರಕ. ಮುಖಕ್ಕೆ ಮಾಸ್ಕ್, ಮೂಗಿಗೆ ಗಾಳಿ, ಮಗಳು "ಅಪ್ಪ ಆನೆ ಆಗಿದ್ದಾನೆ" ಅಂತ ಅಕ್ಕಪಕ್ಕದವರಿಗೆಲ್ಲ ಹೇಳಿದಳು. ತಿಂಗಳಿಗೆ 2,500 ಬಾಡಿಗೆ. ಐದನೇ ವಾರ ಒಂದು ಬೆಳಿಗ್ಗೆ ಅಲಾರಂಗಿಂತ ಮುಂಚೆ ಎಚ್ಚರವಾಯಿತು, ಹಾಲಿನವನ ಗಾಡಿ ಸದ್ದು ಕೇಳಿತು, ಕಾಫಿ ಬೇಕು ಅನಿಸಿತು. ಏನೋ ಬೇಕು ಅನಿಸಿದ್ದು ಎಷ್ಟು ತಿಂಗಳ ಮೇಲೆ!

ಊಟದ ಬಗ್ಗೆ ಅಲ್ಲಿನ ಡಯಟಿಷಿಯನ್ ನಾನು ಏನು ತಿನ್ನುತ್ತಾ ಬೆಳೆದೆ ಅಂತ ಕೇಳಿದರು. ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಪುಂಡಿ ಸೊಪ್ಪು, ಶೇಂಗಾ ಚಟ್ನಿ, ಅಗಸಿ ಚಟ್ನಿ ಪುಡಿ ಅಂದೆ. "ಅದನ್ನೇ ತಿನ್ನಿ, ಎರಡು ರೊಟ್ಟಿ, ಪಲ್ಯ ಜಾಸ್ತಿ, ಬೇಕರಿ ಬಿಡಿ" ಅಂದರು. ಅಷ್ಟೇ ಚಾರ್ಟ್. ಆಸ್ಟ್ರೇಲಿಯಾದಲ್ಲಿ 2017ರಲ್ಲಿ ಖಿನ್ನತೆಯ 67 ಜನರ ಮೇಲೆ ನಡೆದ ಒಂದು ಪ್ರಯೋಗದ ಬಗ್ಗೆಯೂ ಹೇಳಿದರು. ಕಾಳು, ತರಕಾರಿ, ಇಡೀ ಧಾನ್ಯ, ಬೀಜಗಳ ಊಟಕ್ಕೆ ಬದಲಾದವರಲ್ಲಿ 12 ವಾರಕ್ಕೆ ಶೇಕಡ 32ರಷ್ಟು ಜನರ ಖಿನ್ನತೆ ಇಳಿದುಹೋಯಿತು, ಬರೀ ಮಾತುಕತೆಯ ಗುಂಪಿನಲ್ಲಿ ಶೇಕಡ 8. ಚಿಕ್ಕ ಪ್ರಯೋಗ, ನಿಜ. ಆದರೆ ಅವರ ತೂಕ ಹೆಚ್ಚೇನೂ ಬದಲಾಗಿರಲಿಲ್ಲ, ಮನಸ್ಸು ಬದಲಾಗಿತ್ತು. ತಕ್ಕಡಿ ಮೇಲೆ ಏನೂ ಕಾಣದ ವಾರದಲ್ಲೂ ಒಳಗೆ ಏನೋ ಸರಿಹೋಗುತ್ತಿರಬಹುದು ಅಂತ ಆಮೆ ಚಿತ್ರದವರಿಗೆ ಯಾರು ಹೇಳುವುದು.

ತೂಕ ಇಳಿಸುವ ಚುಚ್ಚುಮದ್ದಿನ ವಿಷಯ ಕೇಳುವವರು ಇದ್ದೇ ಇರುತ್ತೀರಿ. ಮೌಂಜಾರೊ 2025ರ ಮಾರ್ಚಿನಲ್ಲಿ, ವೆಗೋವಿ ಜೂನಿನಲ್ಲಿ ಭಾರತಕ್ಕೆ ಬಂದವು. ನನ್ನ ಫಿಸಿಷಿಯನ್ ಬೇಡ ಅನ್ನಲಿಲ್ಲ, ಮೊದಲು ನಿದ್ದೆ ಮತ್ತು ಮನಸ್ಸು ಒಂದು ಹದಕ್ಕೆ ಬರಲಿ, ಆಮೇಲೆ ನೋಡೋಣ ಅಂದರು. ನೋಡುತ್ತಿದ್ದೇವೆ.

ದುಡ್ಡಿನ ಲೆಕ್ಕ ಕೇಳುವವರಿಗೆ ಒಂದು ಮಾತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ವಿಮೆ ಕಂಪನಿಗಳು ಮನಸ್ಸಿನ ಕಾಯಿಲೆಗೂ ಮೈ ಕಾಯಿಲೆಯ ಹಾಗೆಯೇ ವಿಮೆ ಕೊಡಬೇಕು. ಆದರೆ ಸಾಮಾನ್ಯವಾಗಿ ಅಡ್ಮಿಟ್ ಆದರೆ ಮಾತ್ರ, ಹೊರರೋಗಿ ಖರ್ಚು ನಮ್ಮ ಕೈಯಿಂದಲೇ, ಪಾಲಿಸಿಯಲ್ಲಿ ಬರೆದಿದ್ದರೆ ಬೇರೆ ಮಾತು. ನನ್ನ ಪಾಲಿಸಿಯಲ್ಲಿ ಬರೆದಿರಲಿಲ್ಲ.

ಸ್ಟಾರ್ ಲೆಕ್ಕ ಹೀಗೆ. ಎರಡನೇ ಮಹಡಿಯ ಕ್ಲಿನಿಕ್ಕಿಗೆ ಐದಕ್ಕೆ ಎರಡು, ಒಂದು ಕುರ್ಚಿಗೆ, ಒಂದು ಆಯಾ ಅಮ್ಮನಿಗೆ. ಟೆಲಿ ಮಾನಸ್‌ಗೆ ಐದಕ್ಕೆ ಐದು. ಆಸ್ಪತ್ರೆಗೆ ನಾಲ್ಕು, ಒಂದು ಕಡಿಮೆ ಯಾಕೆಂದರೆ ಕಾಯುವ ಜಾಗದ ಕುರ್ಚಿಗಳಿಗೆ ಕೈ ಇವೆ. ನಾನು ನಿಂತೇ ಕಾಯುತ್ತೇನೆ. ಹೇಳಿದ್ದೇನೆ, ಬದಲಾಯಿಸುತ್ತೇವೆ ಅಂದಿದ್ದಾರೆ.

ಈಗ ಏಳು ತಿಂಗಳು. ಕ್ಲಿನಿಕ್ ಬಿಟ್ಟ ಮೇಲೆ 107ಕ್ಕೆ ಏರಿದ್ದ ತೂಕ 101ಕ್ಕೆ ಬಂದಿದೆ, ನಿಧಾನ. ಹೋದ ತಿಂಗಳ ಸಿಆರ್‌ಪಿ 3.1. ಅದನ್ನು ನೋಡಿ ನಾನು ಕುಣಿದಾಡಿದರೆ ಡಾಕ್ಟರು ಹಾಳೆ ಮಡಚಿಟ್ಟು ಗೊರಕೆ ಹೇಗಿದೆ ಅಂತ ಹೆಂಡತಿ ಕಡೆ ತಿರುಗಿದರು. ಮೊನ್ನೆ ಕ್ಲಿನಿಕ್ಕಿನಿಂದ ಮತ್ತೆ ಮೆಸೇಜ್ ಬಂದಿತ್ತು, "ವಿ ಮಿಸ್ ಯು ಸರ್, ಫ್ಲಾಟ್ 20 ಪರ್ಸೆಂಟ್ ಆಫ್". ಆಯಾ ಅಮ್ಮ ಈಗಲೂ ಅಲ್ಲೇ ಕೆಲಸಕ್ಕೆ ಬರುತ್ತಾರಾ ಅಂತ ಕೇಳಿ ವಾಪಸ್ ಹಾಕಿದ್ದೇನೆ. ಎರಡು ನೀಲಿ ಗೆರೆ ಬಿದ್ದಿವೆ, ಉತ್ತರ ಬಂದಿಲ್ಲ.